ಮೇಷ್ಟ್ರ ಲ್ಯಾಪ್‌ಟಾಪ್ ಸುಮ್ಮನಾದ ದಿನ

ಮೇಷ್ಟ್ರ ಎಡಗಿವಿಯಲ್ಲಿ ಯಾವಾಗಲೂ ಒಂದು ಇಯರ್‌ಫೋನ್ ಇರುತ್ತಿತ್ತು. ಅದರ ಬಿಳಿ ವೈರು ಬೆವರಿಗೆ ಹಳದಿಯಾಗಿತ್ತು, ಎರಡು ಕಡೆ ಕರಿ ಟೇಪು ಸುತ್ತಿತ್ತು. ಕಾಲರಿನ ಒಳಗಿಂದ ಇಳಿದು, ಅಂಗಿಯ ಮೂರನೇ ಗುಂಡಿಯ ಸಂದಿಯಿಂದ ಹೊರಗೆ ಬಂದು ಲ್ಯಾಪ್‌ಟಾಪಿಗೆ ಸೇರುತ್ತಿತ್ತು. ಬಲಗಿವಿಗೆಂದು ಇದ್ದ ತುಂಡು ಎದೆಯ ಮೇಲೆ ತೂಗಾಡುತ್ತಿತ್ತು. ಒಂದು ಕಿವಿ ಮಷೀನಿಗೆ, ಒಂದು ಕಿವಿ ಹುಡುಗರಿಗೆ ಅನ್ನುತ್ತಿದ್ದರು.

ಒಮ್ಮೆ ಆ ತೂಗಾಡುವ ತುಂಡನ್ನು ಕೇಳಿ ಇಸಿದುಕೊಂಡು ನನ್ನ ಕಿವಿಗೆ ಇಟ್ಟುಕೊಂಡೆ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದಂಥ ಚಟಪಟ ಸದ್ದು. ಅದು ಕನ್ನಡ ಅಂತಲೇ ಗೊತ್ತಾಗಲಿಲ್ಲ. ಪರದೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುವ ಪ್ರೋಗ್ರಾಂ ಅದು. ಅದರ ಓಟವನ್ನು ಮೇಷ್ಟ್ರು ಇನ್ನು ಏರಿಸಲು ಜಾಗವಿಲ್ಲ ಅನ್ನುವಷ್ಟು ಏರಿಸಿಟ್ಟಿದ್ದರು. ಇಷ್ಟು ಜೋರಾಗಿ ಓಡಿದರೆ ಹೆಂಗ ಸರ್ ತಿಳೀತೈತಿ ಅಂತ ಕೇಳಿದ್ದಕ್ಕೆ, "ನಿಧಾನ ಮಾಡಿದ್ರೆ ನಂಗೆ ನಿದ್ದೆ ಬರ್ತೈತಮ್ಮ" ಅಂದರು.

ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಅವರು ಇತಿಹಾಸದ ಮೇಷ್ಟ್ರು, ನಾನು ಆಫೀಸಿನಲ್ಲಿ ಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಅವರ ಊರು ಉಚ್ಚಂಗಿದುರ್ಗ. ಕೆಲಸಕ್ಕೆ ಸೇರಿದಾಗ ಬಲಗಣ್ಣು ಅಷ್ಟಿಷ್ಟು ಕಾಣುತ್ತಿತ್ತಂತೆ. ನಲವತ್ತು ದಾಟುವ ಹೊತ್ತಿಗೆ ಅದೂ ಹೋಯಿತು. ಆಮೇಲೆ ಎರಡು ತಿಂಗಳು ರಜೆ ಹಾಕಿ, ಯಾವುದೋ ತರಬೇತಿಗೆ ಹೋಗಿ, ಕೀಲಿಮಣೆಯನ್ನು ಬೆರಳಿಗೆ ಇಳಿಸಿಕೊಂಡು ಬಂದರು. ತಮ್ಮ ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲವನ್ನೂ ತಾವೇ ಟೈಪು ಮಾಡುತ್ತಿದ್ದರು. ಪಠ್ಯದಲ್ಲಿ ಇರಲಿ ಬಿಡಲಿ, ಉಚ್ಚಂಗಿ ಕೋಟೆಯ ಪಾಂಡ್ಯರ ಬಗ್ಗೆ ಪ್ರತಿ ವರ್ಷ ಒಂದು ಪೀರಿಯಡ್ಡು ಹೇಳಿಯೇ ಹೇಳುತ್ತಿದ್ದರು.

ಕಣ್ಣು ಕಾಣದವರಿಗೆ ಹೆಜ್ಜೆ ಸಪ್ಪಳದಲ್ಲೇ ಆಳಿನ ಗುರುತು ಸಿಗುತ್ತದೆ ಅಂತ ಶಾಲೆಯಲ್ಲಿ ಎಲ್ಲರೂ ನಂಬಿದ್ದರು. ನಮ್ಮ ಮೇಷ್ಟ್ರಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಜವಾನ ಬಂದರೆ ಡ್ರಾಯಿಂಗ್ ಸರ್ ಅನ್ನುತ್ತಿದ್ದರು, ನಾನು ಬಂದರೆ ಹೆಡ್‌ಮೇಡಂ ಅಂತ ಎದ್ದು ನಿಲ್ಲುತ್ತಿದ್ದರು. ತಪ್ಪು ಅಂತ ಗೊತ್ತಾದರೂ ಒಪ್ಪುತ್ತಿರಲಿಲ್ಲ, ನಿನ್ನ ಚಪ್ಪಲಿ ಬದಲಾಗಿರಬೇಕು ನೋಡಮ್ಮ ಅನ್ನುತ್ತಿದ್ದರು. ಇಸ್ತ್ರಿ ಮಾಡದ ಅಂಗಿ ಹಾಕುತ್ತಿರಲಿಲ್ಲ. ರಸ್ತೆ ದಾಟುವಾಗ ಯಾರಾದರೂ ರಟ್ಟೆ ಹಿಡಿದು ಎಳೆದರೆ ಅಲ್ಲೇ ನಿಂತು ಜಗಳ ತೆಗೆಯುತ್ತಿದ್ದರು. ನಿಮ್ಮ ಮೊಣಕೈ ನೀಡ್ರಿ, ನಾನು ಹಿಡೀತೀನಿ, ನೀವು ನನ್ನ ಹಿಡಿಯೋದು ಬ್ಯಾಡ ಅಂತ ಪಾಠ ಹೇಳಿಯೇ ಬಿಡುತ್ತಿದ್ದರು. ಅವರ ಮುಂದೆ "ಪಾಪ" ಅಂದವರು ಎರಡನೇ ಸಲ ಅನ್ನುತ್ತಿರಲಿಲ್ಲ.

ಅವರಿಗೆ ಇದ್ದ ಒಂದೇ ಕಟ್ಟಳೆ, ಇಟ್ಟದ್ದು ಇಟ್ಟಲ್ಲೇ ಇರಬೇಕು. ಕುರ್ಚಿ ಗೇಣು ಸರಿದಿದ್ದರೂ ಸ್ಟಾಫ್‌ರೂಮು ಅವರ ಬಾಯಿಗೆ ಸಿಗುತ್ತಿತ್ತು. ನಾವು ಅದನ್ನು ಮುದುಕರ ಹಟ ಅಂದುಕೊಂಡಿದ್ದೆವು.

ನನ್ನ ವಿಷಯಕ್ಕೆ ಬರುತ್ತೇನೆ. ನಾನು ಕೊಟ್ಟೂರಿನವಳು, ದಿನಾ ಬಸ್ಸಿಗೆ ಓಡಾಡುತ್ತಿದ್ದೆ. ಅಪ್ಪ ಮನೆ ಕಟ್ಟುವ ಗೌಂಡಿ ಕೆಲಸದವನು. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಅಂತ ಕಂಡವಳು ನಾನೇ ಮೊದಲು. ನನ್ನ ಆರ್ಡರ್ ಕಾಪಿಯನ್ನು ಅಪ್ಪ ಬುದ್ಧನ ಫೋಟೋದ ಮುಂದೆ ಇಟ್ಟು, ಓಣಿಯವರನ್ನೆಲ್ಲ ಕರೆದು ತೋರಿಸಿದ್ದ. ಆ ಕೆಲಸವನ್ನು ವರ್ಷಕ್ಕೊಮ್ಮೆ ಮುಂದುವರಿಸಬೇಕಾಗಿತ್ತು, ಅದಕ್ಕೆ ಹೆಡ್‌ಮೇಡಂ ಸಹಿ ಬೇಕಾಗಿತ್ತು.

ಆ ವರ್ಷ ಆಫೀಸಿನ ಕಂಪ್ಯೂಟರ್ ಕೆಟ್ಟು ಕೂತಿತು. ಹೊಸದು ಬರುವವರೆಗೆ ಮೇಷ್ಟ್ರ ಹತ್ತಿರ ಇದ್ದ ಶಾಲೆಯ ಲ್ಯಾಪ್‌ಟಾಪನ್ನೇ ಇಬ್ಬರೂ ಹಂಚಿಕೊಳ್ಳಬೇಕಾಯಿತು. ಬೆಳಿಗ್ಗೆ ಅವರಿಗೆ, ಮಧ್ಯಾಹ್ನದ ಮೇಲೆ ನನಗೆ. ಮೇಲಿನಿಂದ ಬರುತ್ತಿದ್ದ ನಮೂನೆಗಳನ್ನು ಅದರಲ್ಲಿದ್ದ ಹಳೇ ಪ್ರೋಗ್ರಾಮಿನಲ್ಲಿ ತೆರೆದರೆ ಒತ್ತಕ್ಷರವೆಲ್ಲ ಕಿತ್ತುಹೋಗಿ, ಕೋಷ್ಟಕದ ಗೆರೆಗಳು ಅಡ್ಡಾದಿಡ್ಡಿಯಾಗುತ್ತಿದ್ದವು. ಹೆಡ್‌ಮೇಡಂ ತಮ್ಮ ಅನುಮತಿಯಿಲ್ಲದೆ ಅದರಲ್ಲಿ ಏನೂ ಹಾಕಬಾರದು ಅಂತ ಮೊದಲೇ ಹೇಳಿದ್ದರು. ಆದರೂ ನಾನು ಗೆಳತಿಯಿಂದ ಇನ್ನೊಂದು ಪ್ರೋಗ್ರಾಂ ತಂದು ಹಾಕಿದೆ. ಅದರಲ್ಲಿ ನಮೂನೆಗಳು ಚೊಕ್ಕಟವಾಗಿ ಕಂಡವು.

ಒಂದೇ ಕಿರಿಕಿರಿ. ಫೈಲಿನ ಮೇಲೆ ಎರಡು ಸಲ ಒತ್ತಿದರೆ ಹಳೇ ಪ್ರೋಗ್ರಾಮೇ ತೆರೆದುಕೊಳ್ಳುತ್ತಿತ್ತು. ಪ್ರತಿ ಸಲ ಅದನ್ನು ಮುಚ್ಚಿ, ಮೌಸಿನ ಬಲಗುಂಡಿ ಒತ್ತಿ, ಯಾವುದರಲ್ಲಿ ತೆರೆಯಬೇಕು ಅಂತ ಆರಿಸಬೇಕು. ನಲವತ್ತು ನಮೂನೆ ತುಂಬುವುದಿತ್ತು. ಬೇಸತ್ತು, ಆ ಪಟ್ಟಿಯ ಕೆಳಗೆ ಇರುವ ಸಣ್ಣ ಚೌಕಕ್ಕೆ ಒಂದು ಟಿಕ್ ಹಾಕಿದೆ. ಇಂಥ ಫೈಲುಗಳನ್ನು ಯಾವಾಗಲೂ ಇದರಲ್ಲೇ ತೆರೆ ಅನ್ನುವ ಚೌಕ ಅದು. ಕೆಲಸ ಸರಾಗವಾಯಿತು. ಸಂಜೆ ಬಸ್ಸಿನ ಹೊತ್ತಾಯಿತು, ಹಾಗೇ ಮುಚ್ಚಿಟ್ಟು ಹೋದೆ.

ಮರುದಿನ ಬೆಳಿಗ್ಗೆಯೇ ಇಲಾಖೆಯಿಂದ ಇಬ್ಬರು ಅಧಿಕಾರಿಗಳು ಬಂದರು. ಕಣ್ಣಿಲ್ಲದ ಮೇಷ್ಟ್ರ ಕೈಗೆ ಹತ್ತನೇ ತರಗತಿ ಕೊಟ್ಟರೆ ಫಲಿತಾಂಶ ಏನಾದೀತು ಅಂತ ಯಾರೋ ಅರ್ಜಿ ಬರೆದಿದ್ದರಂತೆ. ಬಂದವರಲ್ಲಿ ಹಿರಿಯರು ಒಳ್ಳೆಯ ಮಾತಿನವರು. ಮೇಷ್ಟ್ರನ್ನು ಕೂರಿಸಿ, ನೀವು ಪಾಠಕ್ಕ ಹೆಂಗ ತಯಾರಿ ಮಾಡ್ಕೊಂತೀರಿ, ಒಮ್ಮಿ ತೋರಸ್ರಿ ಅಂದರು. ಮೇಷ್ಟ್ರಿಗೆ ಇದು ಹಬ್ಬ. ಕೇಳುವವರಿಗಾಗಿ ಅವರು ಕಾದಿದ್ದರು ಅನ್ನಿಸುತ್ತದೆ. ಇಯರ್‌ಫೋನ್ ಕಿತ್ತು, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿ, ಅವರಿಗಾಗಿ ಓಟ ತಗ್ಗಿಸಿ, ಬಾಣದ ಕೀಲಿ ಒತ್ತುತ್ತ ಫೈಲುಗಳ ಹೆಸರು ಹೇಳಿಸಿದರು. ಹತ್ತನೇ ತರಗತಿ, ಪಾಠ ನಾಲ್ಕು ಅಂತ ಮಷೀನು ಹೇಳಿತು. ಎಂಟರ್ ಒತ್ತಿದರು.

ಅದು ಸುಮ್ಮನಾಯಿತು.

ನಾನು ಹಾಜರಿ ಪುಸ್ತಕ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಪರದೆಯ ಮೇಲೆ ಅವರ ಟಿಪ್ಪಣಿ ನಿಚ್ಚಳವಾಗಿ ತೆರೆದಿತ್ತು. ಹೆಡ್‌ಮೇಡಂಗೆ ಕಾಣುತ್ತಿತ್ತು, ಅಧಿಕಾರಿಗಳಿಗೆ ಕಾಣುತ್ತಿತ್ತು, ನನಗೂ ಕಾಣುತ್ತಿತ್ತು. ಬರೆದ ಅವರಿಗೆ ಮಾತ್ರ ಅಲ್ಲಿ ಏನೂ ಇರಲಿಲ್ಲ. ಮುಚ್ಚಿದರು, ಮತ್ತೆ ತೆರೆದರು. ಬೇರೆ ಫೈಲು ತೆರೆದರು. ಹೊರಗೆ ಹೆಸರು ಹೇಳುವ ಮಷೀನು ಒಳಗೆ ಹೋದ ಕೂಡಲೇ ಬಾಯಿ ಕಟ್ಟಿಕೊಳ್ಳುತ್ತಿತ್ತು. ಅವರ ಬೆನ್ನಿನ ಮೇಲೆ ಇಸ್ತ್ರಿ ಅಂಗಿ ಒದ್ದೆಯಾಗಿ ಅಂಟಿಕೊಂಡಿತು. ಬೆರಳುಗಳು ಕೀಲಿಗಳ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತವು.

ಪರದೆಯ ಮೂಲೆಯಲ್ಲಿ ಹೊಸ ಪ್ರೋಗ್ರಾಮಿನ ಗುರುತು ಕಂಡ ಕ್ಷಣವೇ ನನಗೆ ಗೊತ್ತಾಗಿತ್ತು. ಓದುವ ಪ್ರೋಗ್ರಾಮಿಗೂ ನಾನು ತಂದು ಹಾಕಿದ್ದಕ್ಕೂ ಹೊಂದಿಕೆಯಿಲ್ಲ. ಸರ್, ಒಂದು ನಿಮಿಷ ಅಂದಿದ್ದರೆ ಸಾಕಿತ್ತು. ಹತ್ತು ಹೆಜ್ಜೆ ನಡೆದು ಒಂದು ಟಿಕ್ ತೆಗೆದಿದ್ದರೆ ಮುಗಿಯುತ್ತಿತ್ತು. ಆದರೆ ಅನುಮತಿಯಿಲ್ಲದೆ ಹಾಕಿದ್ದು ಯಾರು ಅನ್ನುವ ಮಾತು ಬರುತ್ತಿತ್ತು. ನನ್ನ ಗುತ್ತಿಗೆಯ ಕಾಗದ ಹೆಡ್‌ಮೇಡಂ ಟೇಬಲ್ಲಿನ ಮೇಲೆ ಸಹಿಗೆ ಇತ್ತು. ನನ್ನ ಬಾಯಿ ತೆರೆಯಲಿಲ್ಲ.

ಕೊನೆಗೆ ಹಿರಿಯ ಅಧಿಕಾರಿ ಮೆಲ್ಲಗೆ, "ಇರ್ಲಿ ಬಿಡ್ರಿ ಸರ್, ಪಾಪ, ತ್ರಾಸ ಮಾಡ್ಕೋಬ್ಯಾಡ್ರಿ" ಅಂದರು. ಮೇಷ್ಟ್ರು ಆ ಮಾತಿಗೆ ಜಗಳ ತೆಗೆಯಲಿಲ್ಲ.

ಆ ಮಧ್ಯಾಹ್ನ ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. ನಾನು ಮಾಡಿದ ಮೊದಲ ಕೆಲಸ, ಫೈಲುಗಳು ಹಳೇ ಪ್ರೋಗ್ರಾಮಿನಲ್ಲೇ ತೆರೆಯುವಂತೆ ಬದಲಾಯಿಸಿದ್ದು. ಹೊಸದನ್ನು ಪೂರ್ತಿ ತೆಗೆದುಹಾಕಿದೆ. ತಪ್ಪು ಸರಿಮಾಡಿದೆ ಅಂದುಕೊಂಡೆ. ಏನು ಮಾಡಿದೆ ಅನ್ನುವುದು ಮರುದಿನ ಬೆಳಿಗ್ಗೆ ತಿಳಿಯಿತು. ಮೇಷ್ಟ್ರು ಲ್ಯಾಪ್‌ಟಾಪ್ ತೆರೆದರು, ಅದು ಎಂದಿನಂತೆ ಓದತೊಡಗಿತು. ಅವರು ಅದನ್ನು ಎತ್ತಿಕೊಂಡು ಹೆಡ್‌ಮೇಡಂ ಕೋಣೆಗೆ ಹೋಗಿ, ನಿನ್ನೆ ಏನೋ ಕೆಟ್ಟಿತ್ತು ಮೇಡಂ, ಇವತ್ತು ನೋಡ್ರಿ ಅಂದರಂತೆ. ಹೆಡ್‌ಮೇಡಂ ಒರಟರಲ್ಲ. ನಿನ್ನೆ ಕೆಟ್ಟದ್ದು ರಾತ್ರಿ ಕಳೆಯುವುದರೊಳಗೆ ತಾನೇ ಸರಿಹೋಗುವುದು ಹೇಗೆ ಸರ್, ಗಾಬರಿಗೆ ನಿಮ್ಮ ಕೈ ತಪ್ಪಿರಬೇಕು ಅಂದರಂತೆ.

ವಾರದಲ್ಲಿ ಆದೇಶ ಬಂತು. ಪಾಠದಿಂದ ಬಿಡಿಸಿ ಅವರನ್ನು ಪಠ್ಯಪುಸ್ತಕದ ಕೋಣೆಗೆ ಹಾಕಿದರು. ಜೂನ್ ತಿಂಗಳಲ್ಲಿ ಪುಸ್ತಕ ಹಂಚಿದ ಮೇಲೆ ವರ್ಷವಿಡೀ ಅಲ್ಲಿ ಯಾರಿಗೂ ಕೆಲಸವಿಲ್ಲ. ಇದ್ದ ಒಂದು ಕಿಟಕಿಗೂ ಹಳೇ ಪುಸ್ತಕದ ಬಂಡಲುಗಳು ಅಡ್ಡ. ಗೋಡೆಯ ಆಚೆ ಹತ್ತನೇ ತರಗತಿ. ಇತಿಹಾಸದ ಪೀರಿಯಡ್ಡನ್ನು ಹಿಂದಿ ಮೇಷ್ಟ್ರಿಗೆ ಕೊಟ್ಟಿದ್ದರು. ಅವರು ಪುಸ್ತಕ ಹಿಡಿದು ಒಂದೇ ಧಾಟಿಯಲ್ಲಿ ಓದುತ್ತಿದ್ದರು, ನಡುವೆ ಇಸವಿಗಳನ್ನು ತಪ್ಪು ಹೇಳುತ್ತಿದ್ದರು. ಈಚೆ ಕಡೆ ನಮ್ಮ ಮೇಷ್ಟ್ರು ಗೋಡೆಗೆ ಮುಖ ಮಾಡಿ ಕುಳಿತು ಸರಿಯಾದ ಇಸವಿಯನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನಾನು ಸ್ಟಾಕ್ ಪುಸ್ತಕಕ್ಕೆ ಸಹಿ ತರಲು ಹೋದಾಗ ಅದನ್ನು ಕೇಳಿದ್ದೇನೆ. ಯಾರೋ ಬಂದರು ಅಂತ ಗೊತ್ತಾಗುತ್ತಲೇ ನಿಲ್ಲಿಸಿಬಿಡುತ್ತಿದ್ದರು. ಯಾರು ಅಂತ ಊಹಿಸಲೂ ಹೋಗುತ್ತಿರಲಿಲ್ಲ.

ಹೀಗೆ ನಾಲ್ಕು ತಿಂಗಳು. ನನ್ನ ಗುತ್ತಿಗೆ ಮುಂದುವರಿದಿತ್ತು. ಬೆಳಿಗ್ಗೆ ಕೊಟ್ಟೂರಿನಲ್ಲಿ ಬಸ್ಸು ಹತ್ತಿದರೆ ಅದೇ ಲೆಕ್ಕ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವರು ಆ ಕೋಣೆಯಲ್ಲೇ ನಿವೃತ್ತರಾಗುತ್ತಾರೆ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು. ಮೊದಲ ದಿನ ಹೇಳಿದ್ದರೆ ತಪ್ಪು ಅನ್ನಿಸಿಕೊಳ್ಳುತ್ತಿತ್ತು, ಈಗ ಅದಕ್ಕೆ ಬೇರೆ ಹೆಸರು ಬಂದಿತ್ತು. ಅಪ್ಪನ ಹತ್ತಿರ ಒಮ್ಮೆ ಬೇರೆ ಯಾರದೋ ಕತೆಯೆಂಬಂತೆ ಹೇಳಿದೆ. ಅವನು ಊಟ ಮಾಡುತ್ತಿದ್ದವನು, ಆಕಿಗೆ ಅನ್ನ ಹೆಂಗ ಇಳೀತೈತಿ ಅಂತ ಮಾತ್ರ ಕೇಳಿದ.

ಅಷ್ಟರಲ್ಲಿ ಆಫೀಸಿಗೆ ಹೊಸ ಕಂಪ್ಯೂಟರ್ ಬಂದು, ಲ್ಯಾಪ್‌ಟಾಪ್ ಪೂರ್ತಿ ಮೇಷ್ಟ್ರ ಹತ್ತಿರವೇ ಇತ್ತು. ಒಂದು ಮಧ್ಯಾಹ್ನ ಅವರು ಜವಾನನ ಕೈಲಿ ನನಗೆ ಹೇಳಿಕಳಿಸಿದರು. ಹೋದೆ. ಬಂಡಲುಗಳ ನಡುವೆ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಇಯರ್‌ಫೋನ್ ಹಾಕಿರಲಿಲ್ಲ. ಮಷೀನು ಓದುತ್ತಿತ್ತು, ಬಾಗಿಲಲ್ಲೇ ನನಗೆ ಒಂದೊಂದು ಮಾತೂ ಅರ್ಥವಾಯಿತು. ಅಷ್ಟು ನಿಧಾನ ಮಾಡಿಕೊಂಡಿದ್ದರು. ಪಕ್ಕದಲ್ಲಿ ಕೂರು ಅಂದರು. ನಾನು ಫೈಲು ತೆರೀತೀನಿ, ಮುಚ್ತೀನಿ, ನನ್ನ ಬೆರಳನ್ನೇ ನೋಡ್ತಿರು ಅಂದರು. ಇಪ್ಪತ್ತು ಸಲ ಮಾಡಿದರು. ಇಪ್ಪತ್ತು ಸಲವೂ ಸರಿ ಇತ್ತು.

"ಎಲ್ಲಿ ತಪ್ಪುತೀನಿ ಹೇಳಮ್ಮ" ಅಂದರು. "ಅವತ್ತು ತಪ್ಪಿದ್ದು ನಾನೇ. ಯಾವ ಕೀಲಿ ಅಂತ ನಾಲ್ಕು ತಿಂಗಳಿಂದ ಹುಡುಕ್ತಿದೀನಿ. ಈಗ ಯಾವುದನ್ನ ಒತ್ತಾಕೂ ಹೆದರಿಕೆ ಆಗ್ತೈತೆ."

ಆಗ ಹೇಳಿದೆ. ಯಾವ ಪ್ರೋಗ್ರಾಂ, ಯಾವಾಗ ಹಾಕಿದ್ದು, ಟಿಕ್ ಹಾಕಿದ್ದು, ಬಾಗಿಲಲ್ಲಿ ನಿಂತು ನೋಡಿದ್ದು, ಮಧ್ಯಾಹ್ನ ಎಲ್ಲ ಅಳಿಸಿದ್ದು, ಒಂದೂ ಬಿಡದೆ ಹೇಳಿದೆ. ಅಳು ಬಂದಿತ್ತು, ಆದರೆ ಅವರ ಮುಂದೆ ಅಳುವುದಕ್ಕೂ ನನಗೆ ಅಧಿಕಾರವಿಲ್ಲ ಅನ್ನಿಸಿತು. ಅವರು ನಡುವೆ ಒಂದೇ ಪ್ರಶ್ನೆ ಕೇಳಿದರು. ಆ ಚೌಕ ಪರದೆಯಲ್ಲಿ ಎಲ್ಲಿರುತ್ತದೆ ಅಂತ. ಪಟ್ಟಿಯ ಕೆಳಗೆ ಅಂದೆ. ಗೋಡೆಯ ಆಚೆ ಹುಡುಗರು ಲೆಕ್ಕದ ಸೂತ್ರ ಹೇಳುತ್ತಿದ್ದರು. ಅವರು ಮಷೀನಿನ ಓದು ನಿಲ್ಲಿಸಿದರು.

"ಟಿಕ್ ಹಾಕಿದ್ದು ನಿನ್ನ ಕೆಲಸಕ್ಕೆ. ಅದು ಯಾರಿಗೂ ಆಗ್ತೈತೆ. ಮಧ್ಯಾಹ್ನ ಅದನ್ನ ಅಳಿಸಿದ್ಯಲ್ಲ, ಅದು ನಂಗೆ ಮಾಡಿದ್ದು. ಹೋಗು."

ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಹತ್ತು ದಿನದಲ್ಲಿ ನಾನು ಒಂದು ಹಾಳೆಯ ಮೇಲೆ ನಡೆದದ್ದನ್ನೆಲ್ಲ ಬರೆದು ಹೆಡ್‌ಮೇಡಂಗೆ ಕೊಟ್ಟೆ. ಅವರು ಓದಿ, ಮಡಚಿ, ನನ್ನ ಕಡೆಗೇ ಸರಿಸಿದರು. ಇದನ್ನ ಮ್ಯಾಲೆ ಕಳಿಸಿದ್ರ ಬರೋ ವರ್ಷ ನಾನು ನಿನ್ನ ಕಾಗದಕ್ಕ ಸಹಿ ಹಾಕಾಕ ಆಗಂಗಿಲ್ಲ, ವಿಚಾರ ಮಾಡು, ಸರ್ ಅವರಿಗೂ ಈಗ ಆರಾಮ ಐತಿ ಅಂದರು. ಆರಾಮ ಅನ್ನುವ ಮಾತು ಕೇಳಿ ನನಗೆ ಆ ಕಿಟಕಿಯ ಬಂಡಲುಗಳು ಕಣ್ಣ ಮುಂದೆ ಬಂದವು. ಹಾಳೆಯನ್ನು ಮತ್ತೆ ಅವರ ಕಡೆಗೆ ಸರಿಸಿ ಬಂದೆ.

ಹನ್ನೊಂದನೇ ದಿನ ಮೇಷ್ಟ್ರು ತಾವೇ ಆಫೀಸಿಗೆ ಬಂದರು. ಬಾಗಿಲಲ್ಲಿ ನಿಂತು, ನನ್ನನ್ನ ಅದೇ ಗುಂಡಿಗೆ ಮತ್ತೊಂದು ಸಲ ಕೆಡವು ಅಂದರು. ನನಗೆ ಅರ್ಥವಾಗಲಿಲ್ಲ. ಆ ಪ್ರೋಗ್ರಾಂ ತಿರುಗಿ ಹಾಕು, ಟಿಕ್ಕೂ ಹಾಕು, ಹೊರಗೆ ಬರೋ ದಾರಿ ನಾನು ಕಲೀಬೇಕು ಅಂದರು. ಈ ಸಲ ನಾನು ಹೆಡ್‌ಮೇಡಂ ಅನುಮತಿ ಕೇಳಿಯೇ ಹಾಕಿದೆ.

ಮೌಸಿಲ್ಲದೆ ಅದನ್ನು ಮಾಡುವುದು ನನಗೂ ಗೊತ್ತಿರಲಿಲ್ಲ. ಇಬ್ಬರೂ ಕೂತು ಹುಡುಕಿದೆವು. ಫೈಲಿನ ಹೆಸರಿನ ಮೇಲೆ ನಿಂತು ಶಿಫ್ಟ್ ಹಿಡಿದು ಎಫ್ ಟೆನ್ ಒತ್ತಿದರೆ ಮೌಸಿನ ಬಲಗುಂಡಿಯ ಪಟ್ಟಿ ಬರುತ್ತದೆ. ಅದರಲ್ಲಿ ಯಾವುದರಲ್ಲಿ ತೆರೆಯಬೇಕು ಅನ್ನುವುದಕ್ಕೆ ಇಳಿಯಬೇಕು, ಪ್ರೋಗ್ರಾಮುಗಳ ಹೆಸರು ಕೇಳುತ್ತ ತನಗೆ ಬೇಕಾದ್ದು ಬಂದಾಗ ನಿಲ್ಲಬೇಕು, ಟ್ಯಾಬ್ ಒತ್ತಿ ಚೌಕಕ್ಕೆ ಹೋಗಬೇಕು, ಸ್ಪೇಸ್‌ಬಾರಿನಿಂದ ಟಿಕ್ ಹಾಕಬೇಕು, ಎಂಟರ್. ದಿನಾ ಮಧ್ಯಾಹ್ನ ನಾನು ಕೆಡಿಸುತ್ತಿದ್ದೆ, ಅವರು ಸರಿಮಾಡುತ್ತಿದ್ದರು. ಮೊದಲ ದಿನ ಮಷೀನು ಸುಮ್ಮನಾದ ಕೂಡಲೇ ಅವರ ಕೈ ಮಡಿಲಿಗೆ ಬಿತ್ತು. ಮೇಲೆದ್ದು ಬಾಗಿಲವರೆಗೆ ಹೋಗಿ ಬಂದರು. ನಾನು ಮಾಡಿಕೊಡಲಾ ಸರ್ ಅಂದೆ, ಬ್ಯಾಡ ಅಂದರು. ಎರಡು ವಾರದಲ್ಲಿ ಅದು ಅವರಿಗೆ ಚಿಲಕ ಎಳೆದು ಬಾಗಿಲು ತೆರೆದಷ್ಟು ಸಲೀಸಾಯಿತು.

ಆಮೇಲೆ ತಾವೇ ಇಲಾಖೆಗೆ ಅರ್ಜಿ ಬರೆದರು. ಹೆಡ್‌ಮೇಡಂ ಹತ್ತಿರ ಉಳಿದ ನನ್ನ ಹಾಳೆಯ ವಿಷಯ ಅವರಿಗೆ ಹೇಳಿದ್ದೆ, ಅದರ ಒಂದು ಪ್ರತಿಯನ್ನೂ ಜೊತೆಗಿಡಬಹುದಾ ಅಂತ ಕೇಳಿದರು. ನಾನು ಹೂಂ ಅಂದೆ. ಉತ್ತರ ಬರಲು ಆರು ತಿಂಗಳು ಹಿಡಿಯಿತು. ಮತ್ತೆ ಅಧಿಕಾರಿಗಳು ಬಂದರು, ಈ ಸಲ ಬೇರೆಯವರು. ಮೇಷ್ಟ್ರಿಗೆ ಪಾಠ ತಿರುಗಿ ಸಿಕ್ಕಿತು, ಎಂಟನೇ ತರಗತಿಯದು. ಹತ್ತನೇ ತರಗತಿಯನ್ನು ಕೊಡಲೇ ಇಲ್ಲ. ನಿವೃತ್ತಿಯವರೆಗೂ ಕೇಳುತ್ತಲೇ ಇದ್ದರು.

ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಕೊನೆಯ ದಿನ ಅವರು ನನ್ನ ಮೊಣಕೈ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಬಂದರು. ಕೊಟ್ಟೂರಿನ ಬಸ್ಸು ಹೊರಡಲು ಹೊತ್ತಿತ್ತು. ನನ್ನನ್ನ ಕ್ಷಮಿಸ್ರಿ ಸರ್ ಅಂದೆ. ಸುಳ್ಳು ಹೇಳಿ ಸಮಾಧಾನ ಮಾಡುವವರಲ್ಲ ಅವರು.

"ಅದು ನನ್ನ ಕೈಲಿ ಇನ್ನೂ ಆಗಿಲ್ಲಮ್ಮ. ಆದ್ರೆ ನೀನು ಬಂದು ಹೇಳದಿದ್ರೆ ನನ್ನ ಬೆರಳನ್ನ ನಾನೇ ನಂಬದಂಗೆ ಸಾಯ್ತಿದ್ದೆ. ಅದನ್ನ ಮರೆಯಲ್ಲ."

ಹಡಗಲಿಯಲ್ಲಿ ಒಂದು ಆನ್‌ಲೈನ್ ಸೇವಾ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿತು. ನಿವೃತ್ತರಾಗಿ ಉಚ್ಚಂಗಿದುರ್ಗಕ್ಕೆ ಹೋದ ಮೇಲೆ ಮೇಷ್ಟ್ರು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ಕುಶಲದ ಮಾತು ಎರಡೇ, ಉಳಿದದ್ದೆಲ್ಲ ಕಂಪ್ಯೂಟರಿನದು. ಕೊನೆಯ ಸಲ ಮಾಡಿದಾಗ ಹೊಸ ಸುದ್ದಿ ಹೇಳಿದರು. ಹಂಪಸಾಗರದ ಗ್ರಂಥಾಲಯದಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿಗೆ ಕಣ್ಣು ಮಂಜಾಗುತ್ತ ಬಂದಿದೆಯಂತೆ, ಇವರ ವಿಷಯ ಕೇಳಿ ಫೋನ್ ಮಾಡಿದ್ದಳಂತೆ. ಇಬ್ಬರೂ ಹೋಗೋಣ ಅಂದರು. ನಾನ್ಯಾಕೆ ಸರ್, ನಿಮಗೇ ಎಲ್ಲ ಗೊತ್ತಲ್ಲ ಅಂದೆ. ಕೆಲಸ ಮಾಡೋದು ನಾನು ಹೇಳಿಕೊಡ್ತೀನಿ, ಕೆಡಿಸೋಕೆ ಕಣ್ಣಿರೋರು ಒಬ್ಬರು ಬೇಕು ಅಂದು ನಕ್ಕರು. ಅವರು ಆ ಸಂಗತಿಗೆ ನಕ್ಕದ್ದನ್ನು ಅವತ್ತೇ ಮೊದಲ ಸಲ ಕೇಳಿದ್ದು. ಮುಂದಿನ ಭಾನುವಾರ ಅಂತ ಮಾತಾಯಿತು. ಶುಕ್ರವಾರ ಅವರ ಹೆಂಡತಿ ಫೋನ್ ಮಾಡಿದರು. ಬೆಳಿಗ್ಗೆ ಸ್ನಾನ ಮಾಡಿ, ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತವರು ಹಾಗೇ ಒರಗಿದರಂತೆ.

ಮಣ್ಣಿಗೆ ಹೋಗಿ ಬಂದೆ. ಭಾನುವಾರ ಹಂಪಸಾಗರಕ್ಕೆ ಒಬ್ಬಳೇ ಹೋದೆ.

ಈಗ ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ಆಕೆ ನನಗಿಂತ ಎರಡು ವರ್ಷ ದೊಡ್ಡವಳು, ಅಕ್ಕ ಅನ್ನುತ್ತೇನೆ. ಮೂರು ತಿಂಗಳಲ್ಲಿ ಫೈಲು ತೆರೆಯುವುದು, ಬರೆಯುವುದು ಕಲಿತಳು. ಕಳೆದ ವಾರ ಆಕೆಗೆ ಮೊದಲೇ ಹೇಳಿ, ಫೈಲುಗಳು ಮೂಕ ಪ್ರೋಗ್ರಾಮಿನಲ್ಲಿ ತೆರೆಯುವಂತೆ ಟಿಕ್ ಹಾಕಿದೆ. ಆಕೆ ಫೈಲು ತೆರೆದಳು, ಮಷೀನು ಸುಮ್ಮನಾಯಿತು. ಆಕೆಯ ಮುಖ ಬಿಗಿಯಿತು, ಕೈ ಕೀಲಿಮಣೆಯಿಂದ ಜಾರಿತು. ಹಾಗೆ ದಿಕ್ಕು ತಪ್ಪಿದ ಕೈಯನ್ನು ನಾನು ಮೊದಲೇ ನೋಡಿದ್ದೆ, ಬಾಗಿಲ ಹತ್ತಿರ ನಿಂತು. ತಂಗಿ, ಏನೂ ಕೇಳಸವಲ್ದು ಅಂದಳು. ಇಲ್ಲೇ ಅದೀನಿ ಅಕ್ಕ, ಎಲ್ಲೂ ಹೋಗಿಲ್ಲ ಅಂದೆ. ಅಷ್ಟೇ ಅಂದೆ, ಕೈ ಮುಂದೆ ಚಾಚಲಿಲ್ಲ. ಆಕೆ ಒಂದೊಂದೇ ಕೀಲಿ ತಡವುತ್ತ ಹೊರಗೆ ಬಂದಳು, ಪಟ್ಟಿಗೆ ಇಳಿದಳು, ಹೆಸರುಗಳನ್ನು ಕೇಳಿದಳು, ಚೌಕಕ್ಕೆ ಹೋದಳು. ಎಂಟರ್ ಒತ್ತುವ ಮುಂಚೆ ಒಂದು ಗಳಿಗೆ ತಡೆದಳು. ಒತ್ತಿದಳು. ಮಷೀನು ಆಕೆ ಬರೆದ ಮೊದಲ ಸಾಲಿನಿಂದ ಓದತೊಡಗಿತು.